ನೀರುನಾಯಿಗಳ ಒರತೆ

ಹುಣಸೂರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ನಿಜಾಮುದ್ದೀನನಿಗೆ ಭಾನುವಾರ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮೊಪೆಡ್ಡಿನ ಹಿಂದೆ ಗೆಳೆಯ ನಂಜಣ್ಣನನ್ನು ಕೂರಿಸಿಕೊಂಡು ನೀರಿನ ಒರತೆ ಹುಡುಕುತ್ತಾ ಹೊರಟುಬಿಡುತ್ತಿದ್ದ. ಮೂವತ್ತು ವರ್ಷ ಹಳ್ಳಿ ಹಳ್ಳಿಗೆ ಟಪಾಲು ಹಂಚಿ ನಿವೃತ್ತನಾದ ನಂಜಣ್ಣನಿಗೆ ಕಾಲುದಾರಿಗಳೆಲ್ಲ ಬಾಯಿಪಾಠ. ಯಾವ ಹಳ್ಳದಲ್ಲಿ ನೀರು ಜಿನುಗುತ್ತದೆ, ಅಲ್ಲಿಗೆ ಯಾವ ಹಕ್ಕಿ ಬರುತ್ತದೆ, ಕೆಸರಿನಲ್ಲಿ ಯಾವುದರ ಹೆಜ್ಜೆ ಮೂಡಿದೆ, ಇಬ್ಬರಿಗೂ ಅದೇ ಹುಚ್ಚು. "ಅರವತ್ತು ಹತ್ತಿರ ಬಂತು, ಇನ್ನೂ ಏಡಿ ನೋಡೋಕೆ ಹೋಗ್ತೀರಲ್ಲ" ಎಂದು ಹೆಂಡತಿ ಜೀನತುನ್ನೀಸಾ ಗೊಣಗುತ್ತಲೇ ಇಬ್ಬರಿಗೂ ಆಗುವಷ್ಟು ಚಪಾತಿ ಕಟ್ಟಿಕೊಡುತ್ತಿದ್ದಳು.

ಗಾವಡಗೆರೆ ಕಡೆಯ ಆ ಒರತೆ ಸಿಕ್ಕಿದ್ದು ಹೋದ ವರ್ಷ ಫೆಬ್ರವರಿಯಲ್ಲಿ. ಲಂಟಾನದ ಪೊದೆಗಳಲ್ಲಿ ಬಗ್ಗಿ, ತೆವಳಿ, ಮೈಕೈ ತರಚಿಕೊಂಡು ಒಳಗೆ ಹೋದರೆ ಬೆಳ್ಳಗಿನ ಸುಣ್ಣದ ಹರಳಿನ ಪದರದ ಅಡಿಯಿಂದ ನೀರು ಸದ್ದಿಲ್ಲದೆ ಬರುತ್ತಿತ್ತು. ತಳದ ಒಂದೊಂದು ಹರಳೂ ಎಣಿಸುವಷ್ಟು ತಿಳಿ. ದಡದ ಬಂಡೆಯ ಮೇಲೆ ಏಡಿಯ ಚಿಪ್ಪಿನ ಚೂರು. ಅರ್ಧ ಗಂಟೆ ಅಲುಗಾಡದೆ ಕೂತ ಮೇಲೆ ಆ ನೀರು ಹೋಗಿ ಸೇರುವ ಹೊಳೆಯ ಕಡೆಯಿಂದ ಎರಡು ನೀರುನಾಯಿಗಳು ಬಂದವು. ಒಂದು ಬೆನ್ನ ಮೇಲೆ ಮಲಗಿ, ಏಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಟಕಟ ಕಡಿಯಿತು. ನಂಜಣ್ಣನ ಕಣ್ಣು ತುಂಬಿ ಬಂತು.

"ಸಾಬ್ರೇ, ಯಾರ ತಾವೂ ಉಸಿರು ಬುಡಬ್ಯಾಡಿ."

"ನಾನ್ಯಾಕೆ ಹೇಳ್ಲಿ ನಂಜಣ್ಣಾರೆ" ಎಂದ ನಿಜಾಮುದ್ದೀನ್.

ಹೇಳಿದ್ದು ಅವನೇ. ಏಪ್ರಿಲ್‌ನಲ್ಲಿ ಆ ಹಳ್ಳದ ಮೇಲಿನ ಹೊಲದ ನಟರಾಜು ಸುಟ್ಟ ಮೋಟಾರು ಹೊತ್ತು ಅಂಗಡಿಗೆ ಬಂದಿದ್ದ. ಹೊಗೆಸೊಪ್ಪಿನ ಸಸಿಮಡಿ ಬಾಡುತ್ತಿತ್ತು. "ಬೋರು ಕೈಕೊಟ್ಟದೆ. ನಮ್ ಕಡೆ ನೀರು ಅನ್ನೋದೇ ಇಲ್ಲ ಕಣ್ ಸಾಬ್ರೇ" ಎಂದ. ನೀರಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಬ ನಿಜಾಮುದ್ದೀನನಲ್ಲಿ ಒಮ್ಮೆಗೇ ತಲೆ ಎತ್ತಿತು.

"ಯಾಕಿಲ್ಲ? ನಿಮ್ಮ ಹೊಲದ ಕೆಳಗೇ ಇದೆಯಲ್ಲ, ಲಂಟಾನದ ಒಳಗೆ. ಈ ಬಿಸಿಲಿಗೂ ಒಂದು ಬೆರಳು ಇಳಿದಿಲ್ಲ."

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ. "ಅದು ಎಷ್ಟು ಮಹಾ ನೀರು ಬಿಡಿ, ಪ್ರಾಣಿ ಪಕ್ಷಿಗೆ ಸಾಕಾದ್ರೆ ಹೆಚ್ಚು" ಎಂದು ಮಾತು ತೇಲಿಸಲು ನೋಡಿದ. ನಟರಾಜು ಆಗಲೇ ಎದ್ದು ನಿಂತಿದ್ದ. "ಎಲ್ಲಿ ಅಂದ್ರಿ?"

ನಂಜಣ್ಣನಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಅದಾದ ಮೂರನೆಯ ಭಾನುವಾರ ನಂಜಣ್ಣನೇ ಹಟ ಹಿಡಿದು ಅಲ್ಲಿಗೆ ಹೊರಡಿಸಿದ. ಹೋಗಿ ನೋಡಿದರೆ ಪೊದೆಯೇ ಇಲ್ಲ. ಜೆಸಿಬಿ ಬಗೆದ ಗುಂಡಿ, ಅದರೊಳಗೆ ಬಾವಿಗೆ ಇಳಿಸುವ ಸಿಮೆಂಟಿನ ಬಳೆಗಳು, ಮೇಲೆ ಗುಡುಗುಡು ಎನ್ನುವ ಪಂಪು. ಹೊಳೆಗೆ ಹರಿಯುತ್ತಿದ್ದ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ನಂಜಣ್ಣ ಬಾಯಿ ತೆರೆಯುವ ಮೊದಲೇ ನಟರಾಜು ಎರಡು ಎಳನೀರು ಹಿಡಿದು ಓಡಿ ಬಂದ.

"ನೀವು ಜಾಗ ಏಳ್ದೆ ಇದ್ದಿದ್ರೆ ನನ್ ಸಸಿ ಎಲ್ಲಾ ಒಣಗೋಗೋವು ಸಾಬ್ರೇ. ಪುಣ್ಯ ಬತ್ತದೆ ನಿಮ್ಗೆ!"

ಅವನ ಮುಖದಲ್ಲಿ ಕಪಟವಿರಲಿಲ್ಲ. ನಂಜಣ್ಣ ಎಳನೀರು ಮುಟ್ಟಲಿಲ್ಲ. ವಾಪಸು ಬರುವಾಗ ಗಾವಡಗೆರೆಯಲ್ಲಿ ನಿಜಾಮುದ್ದೀನನ ಬೆನ್ನು ತಟ್ಟಿ ಮೊಪೆಡ್ಡು ನಿಲ್ಲಿಸಲು ಹೇಳಿ ಇಳಿದ.

"ಇಲ್ಲಿಂದ ಬಸ್ಸಲ್ಲಿ ಬತ್ತೀನಿ."

"ಬಾಯಿ ತಪ್ಪಿ ಬಂತು ನಂಜಣ್ಣಾರೆ..."

"ಅದು ಅರ್ಥ ಆಯ್ತದೆ. ಆದ್ರೆ ಮೂರು ವಾರ ನನ್ ಮುಂದೆ ಸುಮ್ಕಿದ್ರಲ್ಲ, ಅದು ಬಾಯಿ ತಪ್ಪಿದ್ದಲ್ಲ."

ಆಮೇಲೆ ನಿಜಾಮುದ್ದೀನ್ ಎರಡು ಸಲ ಅವನ ಮನೆಗೆ ಹೋದ. "ಈಗ ತಾನೆ ಆಚೆ ಹೋದ್ರು" ಎಂದು ನಂಜಣ್ಣನ ಹೆಂಡತಿ ವಿಮಲಮ್ಮ ಬಾಗಿಲಲ್ಲೇ ನಿಂತು ಹೇಳಿದರು. ನಂಜಣ್ಣನ ಚಪ್ಪಲಿ ಜಗುಲಿಯ ಕೆಳಗೇ ಇದ್ದವು.

ನವೆಂಬರ್‌ನಲ್ಲಿ ಒಂದು ಸಂಜೆ, ಮೋಟಾರು ಕೊಡಲು ಪಕ್ಕದ ತಾಲ್ಲೂಕಾದ ಕೋಟೆಗೆ ಹೋಗಿದ್ದ ನಿಜಾಮುದ್ದೀನ್ ಅಲ್ಲಿನ ಬಸ್ ನಿಲ್ದಾಣದಲ್ಲಿ ನಂಜಣ್ಣನನ್ನು ಕಂಡ. ಪ್ಯಾಂಟು ಮಂಡಿಯ ತನಕ ನೆಂದು, ಅಂಚಿಗೆ ಹಸಿರು ಪಾಚಿ ಹತ್ತಿಕೊಂಡಿತ್ತು. ಮುಖ ಎಷ್ಟೋ ತಿಂಗಳಿಂದ ಕಾಣದಷ್ಟು ಗೆಲುವಾಗಿತ್ತು.

"ಯಾವ ಕಡೆ ಹೋಗಿದ್ರಿ?"

"ಇಲ್ಲೇ, ನೆಂಟರ ಮನೇಗೆ."

"ಕಾಲೆಲ್ಲ ನೆಂದಿದೆ."

"ಗದ್ದೆ ಮ್ಯಾಲೆ ಬಂದೆ."

ನಿಜಾಮುದ್ದೀನ್ ತಡೆಯಲಾರದೆ ಕೇಳಿಯೇಬಿಟ್ಟ. "ನೀರುನಾಯಿ ಕಂಡ್ವಾ?"

ನಂಜಣ್ಣನ ತುಟಿ ಅರೆಗಳಿಗೆ ಅರಳಿತು. ಹಳೆಯ ಹುರುಪಿನಲ್ಲಿ ಕೈಯೂ ಮೇಲೆದ್ದಿತು. ಮರುಕ್ಷಣವೇ ಮುಖ ಬಿಗಿದುಕೊಂಡಿತು.

"ಎಂಥ ನೀರುನಾಯಿ ಸಾಬ್ರೇ. ಈಗೆಲ್ಲಿ ಅವೆ ಅವು."

ಬಸ್ಸು ಬಂತು. ನಂಜಣ್ಣ ಹತ್ತಿ ಆಚೆ ಬದಿಯ ಕಿಟಕಿಗೆ ಹೋಗಿ ಕೂತ. ಅವನು ಸುಳ್ಳು ಹೇಳಿದನೆಂದು ನಿಜಾಮುದ್ದೀನನಿಗೆ ಖಂಡಿತ ಗೊತ್ತಿತ್ತು. ಅವನ ಜಾಗದಲ್ಲಿದ್ದಿದ್ದರೆ ತಾನೂ ಹಾಗೇ ಹೇಳುತ್ತಿದ್ದೆ ಎನ್ನುವುದೂ ಗೊತ್ತಿತ್ತು. ಹಾಗಾಗಿ ಕೋಪ ಮಾಡಿಕೊಳ್ಳುವುದಕ್ಕೂ ಅವನಿಗೆ ದಾರಿ ಉಳಿದಿರಲಿಲ್ಲ.