ಗಿರಣಿ ಗುಡಿಸುವ ಮುನ್ನ

ಭಾನುವಳ್ಳಿಯ ಓಬವ್ವನಿಗೆ ಗಿರಣಿಯೇ ಹೊಲ, ಗಿರಣಿಯೇ ಮನೆದೇವರು. ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಅದರ ಚಾವಣಿಯ ತಗಡುಗಳೆಲ್ಲ ಹಾರಿ ಎದುರಿನ ಗದ್ದೆಗೆ ಬಿದ್ದವು. ಬೇವಿನ ಕೊಂಬೆಯೊಂದು ಮುರಿದು, ಬೇರೆ ಜಾಗವೇ ಇಲ್ಲವೆಂಬಂತೆ, ಯಂತ್ರದ ಮೇಲೆಯೇ ಕೂತಿತು. ಮಾರಲು ಬೀಸಿಟ್ಟಿದ್ದ ನಾಲ್ಕು ಚೀಲ ಜೋಳದ ಹಿಟ್ಟು ಅಂಬಲಿಯಾಯಿತು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಗಿರಣಿ ತೊಳೆದು ಪೂಜೆ ಮಾಡುವುದನ್ನು ಓಬವ್ವ ಎಂದೂ ತಪ್ಪಿಸಿದವಳಲ್ಲ. ಬೆಳಗಾಗುತ್ತಲೇ ಕಸಬರಿಗೆ ಹಿಡಿದಳು. ಗಂಡ ಎರ್ರಿಸ್ವಾಮಿ ಮುರಿದ ಸಾಮಾನನ್ನು ಗುಜರಿಗೆ ಹಾಕಲು ಚೀಲಕ್ಕೆ ತುಂಬತೊಡಗಿದ.

ಅಷ್ಟರಲ್ಲಿ ಅವಳ ಮಹಿಳಾ ಸಂಘದವರ ಬ್ಯಾಂಕಿನ ಕೆಲಸ ನೋಡಿಕೊಳ್ಳುವ ಬ್ಯಾಂಕ್ ಸಖಿ ನಿಖತ್ ಬಂದಳು.

"ಓಬಕ್ಕ, ಕಸಬರಿಗೆ ಕೆಳಗಿಡು. ಅಣ್ಣ, ಆ ಚೀಲ ಸುರುವ್ರಿ."

"ಅಮಾಸಿ ದಿನ ಗಲೀಜು ಇಟ್ಕಂಡು ಕೂಡ್ಲೇನು? ನೋಡಿದೋರು ಏನಂತಾರೆ?" ಎಂದಳು ಓಬವ್ವ.

"ನೋಡ್ಬೇಕಾದೋರು ನೋಡ್ಲಿ ಅಂತಾನೇ ಹೇಳ್ತಿರೋದು. ಸಾಲ ತಗಂಡಾಗ ಗಿರಣಿಗೆ ವಿಮೆ ಮಾಡ್ಸಿದ್ಯಲ್ಲ, ಆ ಕಾಗದ ಎಲ್ಲೈತೆ?"

ಕಾಗದ ದೇವರ ಫೋಟೊದ ಹಿಂದೆ ಊದಿನಕಡ್ಡಿಯ ಹೊಗೆ ಕುಡಿಯುತ್ತ ಕೂತಿತ್ತು. ನಿಖತ್ ಬಿಡಿಸಿ ಓದಿದಳು. "ಇನ್ನೂ ಐದು ತಿಂಗ್ಳು ವಾಯಿದೆ ಐತೆ. ಗಾಳಿಮಳೆನೂ ಇದರಾಗೆ ಬರ್ದೈತೆ."

ಎರ್ರಿಸ್ವಾಮಿ ನಕ್ಕ. "ಮಾಡ್ಸೋವಾಗ ಕರೆದು ಚಾ ಕುಡುಸ್ತಾರೆ. ಕೇಳಾಕೆ ಹೋದ್ರೆ ನಮ್ಮ ಮುಖದ ಗುರ್ತೇ ಇರಲ್ಲ ಅವರಿಗೆ."

"ಮುಖ ಬ್ಯಾಡಣ್ಣ, ಪಾಲಿಸಿ ನಂಬರ್ ಸಾಕು."

ಕೊಂಬೆ, ಯಂತ್ರ, ಹಿಟ್ಟು, ಗದ್ದೆಯಲ್ಲಿ ಮಲಗಿದ ತಗಡು, ಎಲ್ಲದರ ಫೋಟೊ ತೆಗೆದರು. ಯಂತ್ರ ಮತ್ತೆ ನೆನೆಯದಂತೆ ತಾಡಪಾಲು ಹೊದಿಸಿದರು. ಆಮೇಲೆ ಕಾಗದದಲ್ಲಿದ್ದ ನಂಬರಿಗೆ ಫೋನು ಹಚ್ಚಿ ಏನಾಯಿತು, ಯಾವಾಗಾಯಿತು ಎಂದು ಓಬವ್ವನೇ ಹೇಳಿದಳು. ಎರ್ರಿಸ್ವಾಮಿ ಎರಡೂ ಕೈಯ ಬೆರಳು ಅಗಲಿಸಿ "ಹತ್ತು ಚೀಲ ಅನ್ನು" ಎಂದು ಪಿಸುಗುಟ್ಟಿದ.

"ನಾಲ್ಕು ಚೀಲ ರೀ" ಎಂದಳು ಓಬವ್ವ ಫೋನಿಗೆ, ಗಂಡನನ್ನೇ ನೋಡುತ್ತ.

"ಸುಳ್ಳು ಸಿಕ್ಕಿದ್ರೆ ನಿಜಾನೂ ನಂಬಲ್ಲ ಅಣ್ಣ" ಎಂದಳು ನಿಖತ್. ಆ ಕಡೆಯವರು ಕೊಟ್ಟ ಕ್ಲೇಮ್ ನಂಬರನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರು.

ಪೂಜೆಯೇನೂ ತಪ್ಪಲಿಲ್ಲ. ಓಬವ್ವ ತಾಡಪಾಲಿಗೇ ಕುಂಕುಮ ಹಚ್ಚಿ ಕಾಯಿ ಒಡೆದಳು. ಮರುದಿನ ವಿಮೆ ಕಂಪನಿಯ ಪರವಾಗಿ ನಷ್ಟ ನೋಡಲು ದಾವಣಗೆರೆಯಿಂದ ಬಂದ ಸರ್ವೇಯರ್ ಅದನ್ನು ಕಂಡು, ಬೂಟು ಬಿಚ್ಚಿಟ್ಟೇ ಒಳಗೆ ಕಾಲಿಟ್ಟರು. ಚೀಲ ಎಣಿಸಿದರು. ಯಂತ್ರ ಕೊಂಡ ಬಿಲ್ಲು ಕೇಳಿದರು. ಅದೂ ದೇವರ ಹಿಂದೆಯೇ ಇತ್ತು.

ಮೂರನೆಯ ಅಮಾವಾಸ್ಯೆಗೆ, ವಿಮೆಯ ಹಣದಲ್ಲಿ ರಿಪೇರಿಯಾದ ಗಿರಣಿ ಮತ್ತೆ ಸದ್ದು ಮಾಡಿತು. ಹಿಟ್ಟು ಬೀಸಿಸಲು ಬಂದ ಹೋಟೆಲಿನ ಲಿಂಗಣ್ಣನನ್ನು "ನಿನ್ ಹೋಟ್ಲಿಗೆ ವಿಮೆ ಐತೇನಪ್ಪ?" ಎಂದು ಕೇಳಿದವನು ಎರ್ರಿಸ್ವಾಮಿ.

ಅಂಗಡಿ, ಹೋಟೆಲು, ಗಿರಣಿ ನಡೆಸುವ ಅಕ್ಕ ಅಣ್ಣಂದಿರೇ, ನಿಮ್ಮ ವಿಮೆಯ ಕಾಗದ ಎಲ್ಲಿದೆ, ವಾಯಿದೆ ಎಂದಿನವರೆಗಿದೆ ಎಂದು ಇವತ್ತೇ ನೋಡಿ. ನಷ್ಟವಾದರೆ ತಡಮಾಡದೆ ಕಂಪನಿಗೆ ತಿಳಿಸಿ, ಇದ್ದದ್ದನ್ನು ಇದ್ದಂತೆ ಹೇಳಿ. ಅವರು ಬಂದು ನೋಡಲಿ. ಕಸಬರಿಗೆ ಎಲ್ಲಿಗೂ ಓಡಿಹೋಗುವುದಿಲ್ಲ.