ಹಸಿರು ತುದಿ

"ಇದಕ್ಕೆ ಜೀವ ಇದೆ," ಎಂದರು ಕಂಡಕ್ಟರು, ಮುಚ್ಚಿಕೊಂಡಿದ್ದ ಕಪ್ಪೆಚಿಪ್ಪನ್ನು ಅಂಗೈಯಲ್ಲಿ ತೂಗುತ್ತ. "ಎಷ್ಟು ಭಾರ ನೋಡು."

ಮಗಳು ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಬಿಡಿಸಿದಳು. ಒಳಗಿನಿಂದ ಬರೀ ಕೆಸರು ಸುರಿಯಿತು. ಯಾವಾಗಲೋ ಸತ್ತ ಜೀವದ ಜಾಗದಲ್ಲಿ ಮಣ್ಣು ತುಂಬಿಕೊಂಡು ಚಿಪ್ಪು ಬದುಕಿರುವಂತೆಯೇ ತೂಗುತ್ತಿತ್ತು. ಹೊಸಬರೆಲ್ಲ ಮೊದಲು ಬೇಸ್ತು ಬೀಳುವುದು ಇಲ್ಲೇ ಎಂದಳು. ನಗಲಿಲ್ಲ. ನಿವೃತ್ತಿಯಾಗುವವರೆಗೂ ಬಸ್ಸಿನಲ್ಲಿ ಕಳ್ಳ ಮುಖಗಳನ್ನು ಓದಿಕೊಂಡು ಬಂದಿದ್ದ ಮನುಷ್ಯನಿಗೆ ಒಂದು ಚಿಪ್ಪು ಟೋಪಿ ಹಾಕಿತ್ತು.

ನದಿಯಲ್ಲಿ ಏನೇನು ಬದುಕಿದೆ ಎಂದು ನೋಡುವ ಕಚೇರಿಯಲ್ಲಿ ಅವಳ ಕೆಲಸ. ಕಾಲೇಜಿನ ಪಾಠ ಬಿಟ್ಟು ಇದಕ್ಕೆ ಸೇರಿದಾಗ, "ಚಿಪ್ಪು ಹೆಕ್ಕೋದೂ ಒಂದು ಉದ್ಯೋಗವಾ? ಕೊನೆಗೆ ಕೈಗೆ ಚಿಪ್ಪೇ ಗತಿ," ಎಂದು ಅಪ್ಪ ನೆಂಟರೆದುರೇ ಅಂದಿದ್ದರು. ಅಂದಿನಿಂದ ಅವಳು ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಅವಳ ಜೊತೆಗಾರ್ತಿ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ, ಅಳತೆಯ ಹಗ್ಗ ಹಿಡಿಯಲು ನಾನಿದ್ದೇನೆ ಎಂದು ಅವರೇ ಮೇಲೆ ಬಿದ್ದು ಬಂದಿದ್ದರು. ನೀರಿಗಿಳಿಯುವಾಗ ಅವರು ಚಾಚಿದ ಕೈಯನ್ನು ಅವಳು ನೋಡದವಳಂತೆ ಕೋಲೂರಿಕೊಂಡು ಇಳಿದಿದ್ದಳು.

ಆ ದಿನವೆಲ್ಲ ಮೊಣಕಾಲುದ್ದದ ನೀರಿನಲ್ಲಿ ಪಾಠ ನಡೆಯಿತು. ಗಾಜಿನ ತಳದ ಬಕೆಟ್ಟನ್ನು ನೀರಿಗೊತ್ತಿ ಕಣ್ಣಿಟ್ಟರೆ ನದಿಯ ತಳ ನಿಚ್ಚಳವಾಗಿ ಕಾಣುತ್ತಿತ್ತು. ಅಲ್ಲಿ ಬದುಕಿದ್ದವು ಬೇಕಾದಷ್ಟಿದ್ದವು. ಕಲ್ಲುಗಳ ನಡುವೆ ತೆಳ್ಳನೆಯ ಸೀಳು ಕಂಡರೆ ಅದೇ ಬಾಯಿ, ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ. ಉದ್ದನೆಯದು ಒಂದು ಜಾತಿ, ದುಂಡನೆಯದು ಇನ್ನೊಂದು. ಬೆನ್ನಿನ ಗೆರೆಗಳು ವಯಸ್ಸನ್ನು ಹೇಳುತ್ತವೆ. ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ನದಿಯೆಲ್ಲ ತಿರುಗುತ್ತವೆ ಎಂದಾಗ, "ಟಿಕೆಟ್ ಇಲ್ದೇನೇ?" ಎಂದು ಕೇಳಿದರು ಕಂಡಕ್ಟರು. ಮಗಳ ತುಟಿ ಒಂದಿಷ್ಟು ಅಲುಗಿತು. ಅವರಿಗೆ ಅಷ್ಟೇ ಸಾಕಾಯಿತು, ಸಂಜೆವರೆಗೂ ಶಿಳ್ಳೆ ಹಾಕಿಕೊಂಡೇ ಇದ್ದರು.

ಆದರೆ ಅವಳಿಗೆ ಬೇಕಾಗಿದ್ದ ಚಿಪ್ಪು ಅಲ್ಲಿನದಲ್ಲ. ಸ್ವಲ್ಪ ಕೆಳಗೆ, ನದಿ ತಿರುಗುವಲ್ಲಿ, ಹೊಸ ಸೇತುವೆಯ ಕಂಬ ಏಳುವುದಿತ್ತು. ತಿರುವಿನಲ್ಲಿ ಬದುಕಿರುವ ಚಿಪ್ಪು ಸಿಕ್ಕರೆ ಕಂಬ ಸರಿಸಬೇಕು. ಸಿಗದಿದ್ದರೆ ಸೋಮವಾರ ಯಂತ್ರ ಇಳಿದು ತಳವನ್ನೆಲ್ಲ ಬಗೆಯುತ್ತದೆ. ಮೀನು ಮೊಟ್ಟೆಯಿಡುವುದು ಆ ತಿರುವಿನಲ್ಲೇ. ಮೀನು ಹೋದರೆ ಮೇಲಿನ ಚಿಪ್ಪುಗಳಿಗೂ ಮುಂದೆ ವಂಶವಿಲ್ಲ. ನಿಯಮಕ್ಕೆ ಮಾತ್ರ ಮೀನಿನ ಗೊಡವೆ ಬೇಡ, ಚಿಪ್ಪೇ ಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಅವಳಿಗೆ ಅಲ್ಲಿ ಸಿಕ್ಕಿದ್ದೆಲ್ಲ ಸತ್ತವು. ಹುಡುಕಲು ಇನ್ನು ಒಂದೇ ದಿನ ಉಳಿದಿತ್ತು. ಆ ಸಂಜೆ ಅವಳು ತಟ್ಟೆ ಮುಟ್ಟದೆ ಎದ್ದು ಹೋದಾಗ ಅಪ್ಪ ಅದನ್ನು ಮುಚ್ಚಿಟ್ಟು ಬಹಳ ಹೊತ್ತು ಕಾದು ಕೂತರು.

ಮಾರನೆಯ ಬೆಳಗ್ಗೆ ಅವಳು ಕಚೇರಿಗೆ ಹೋಗಿ ಬರುವಷ್ಟರಲ್ಲಿ ಕಂಡಕ್ಟರು ತಿರುವಿನಲ್ಲಿ ಸೊಂಟದವರೆಗೆ ನೆನೆದು ನಿಂತಿದ್ದರು. ಮನೆಯಲ್ಲಿ ಹೊತ್ತು ಹೋಗಲಿಲ್ಲ, ಮೊದಲೇ ಬಂದು ಇಳಿದೆ ಎಂದರು. ಇಲ್ಲೊಂದು ಸಲ ನೋಡು ಎಂದು ಬಕೆಟ್ಟನ್ನು ಅವಳ ಕೈಗಿತ್ತರು.

ಮರಳಿನಲ್ಲಿ ನೆಟ್ಟಗೆ ನಿಂತ ಚಿಪ್ಪುಗಳು! ಸತ್ತವು ಹಾಗೆ ನಿಲ್ಲುವುದಿಲ್ಲ. "ಅಪ್ಪಾ," ಎಂದು ಅವಳು ನಕ್ಕೇಬಿಟ್ಟಳು. ಆ ನಗುವನ್ನು ಅವರು ಕಂಡು ಎಷ್ಟು ಕಾಲವಾಗಿತ್ತೋ. ಕೈ ಇಳಿಸಿ ಒಂದನ್ನು ಎತ್ತಿದಳು. ಬಿಗಿಯಾಗಿ ಕಚ್ಚಿಕೊಂಡಿತ್ತು, ಜೀವ ಇತ್ತು. ತಿರುಗಿಸಿ ನೋಡಿದಳು. ಇನ್ನೊಂದನ್ನು ಎತ್ತಿದಳು. ನಗು ಇಳಿಯಿತು.

ಚಿಪ್ಪು ಒಂದು ತುದಿಯನ್ನು ಮರಳಲ್ಲಿ ಹೂತು, ಇನ್ನೊಂದನ್ನು ನೀರಿಗೆ ಬಿಟ್ಟು ವರ್ಷಗಟ್ಟಲೆ ಬಾಳುತ್ತದೆ. ಹೊರಗಿನ ತುದಿಗೆ ಪಾಚಿ ಹತ್ತಿ ಹಸಿರಾಗುತ್ತದೆ, ಹೂತ ತುದಿ ಹಾಗೇ ಉಳಿಯುತ್ತದೆ. ಇಲ್ಲಿ ಹಸಿರು ತುದಿಗಳೆಲ್ಲ ಮರಳಿನೊಳಗಿದ್ದವು. ಕೊಳಕು ಕೆಳಗಿರಲಿ, ಚೊಕ್ಕಟವಾದದ್ದು ಮೇಲಿರಲಿ ಎಂದು ಯಾರೋ ಮುತುವರ್ಜಿಯಿಂದ, ಬಸ್ಸಿನ ಸೀಟುಗಳ ಹಾಗೆ ಸಾಲಾಗಿ ನೆಟ್ಟಿದ್ದರು.

"ಇವು ತಲೆಕೆಳಗಾಗಿ ನಿಂತಿವೆ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಂಡಕ್ಟರು ತೊಟ್ಟಿಕ್ಕುತ್ತಿದ್ದ ಊಟದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ಯಾರಿಗೆ ಗೊತ್ತಾಗುತ್ತೆ?" ಎಂದರು ಮೆಲ್ಲಗೆ. "ಜೀವ ಇರೋದಂತೂ ನಿಜ ತಾನೆ? ತಿರುವು ಉಳಿಯುತ್ತೆ. ನಿಂಗೆ ಬೇಕಾಗಿದ್ದೂ ಅದೇ ಅಲ್ವಾ?"

ಬೇಕಾಗಿತ್ತು. ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತು. ನದಿಯ ಆಚೆ ದಡದಲ್ಲಿ ಯಂತ್ರ ಆಗಲೇ ಬಂದು ನಿಂತಿತ್ತು. ಅದನ್ನೊಮ್ಮೆ, ಕೈಯಲ್ಲಿದ್ದ ಚಿಪ್ಪನ್ನೊಮ್ಮೆ ನೋಡಿದಳು.

"ಅಮ್ಮಂಗೂ ಟಿಕೆಟ್ ಹರಿದೋನು ನೀನು," ಎಂದಳು ಕೊನೆಗೆ.

ಅದು ಮನೆಯ ಹಳೆಯ ತಮಾಷೆ. ತುಂಬು ಬಸುರಿ ಹೆಂಡತಿ ಬಸ್ಸು ಹತ್ತಿದಾಗಲೂ ಕೈ ಚಾಚಿ ಚಿಲ್ಲರೆ ಕೇಳಿದ ಮಹಾನುಭಾವ ಎಂದು ಅವರನ್ನು ನೆಂಟರೆಲ್ಲ ಆಡಿಕೊಳ್ಳುತ್ತಿದ್ದರು. ಅವರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಈಗ ಅವರಿಗೆ ನಗು ಬರಲಿಲ್ಲ.

"ನಿಂಗೋಸ್ಕರ ಕಣೇ," ಎಂದರು.

"ಗೊತ್ತು ಅಪ್ಪ."

ತಿರುವಿನಲ್ಲಿ ಏನೂ ಸಿಗಲಿಲ್ಲ ಎಂದೇ ಕಚೇರಿಗೆ ಹೇಳುತ್ತೇನೆ ಎಂದಳು. ಕಂಡಕ್ಟರು ಚಿಪ್ಪುಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕಿಕೊಂಡರು. ಇಬ್ಬರೂ ನೀರಲ್ಲೇ ಮೇಲಕ್ಕೆ ನಡೆದರು. ಇನ್ನು ನನ್ನನ್ನು ಮನೆಗೆ ಕಳಿಸಿಬಿಡುತ್ತಾಳೆ ಎಂದುಕೊಂಡೇ ಅವರು ಹೆಜ್ಜೆಯಿಡುತ್ತಿದ್ದರು. ಅವಳು ಹಾಗೇನೂ ಹೇಳಲಿಲ್ಲ. ನಿನ್ನೆಯ ಜಾಗ ತೋರಿಸಿ, ನೀನೇ ಇಡು ಎಂದಳು. ಅವರು ಬಗ್ಗಿ ಹಸಿರು ತುದಿ ಮೇಲಾಗುವಂತೆ ಇಡತೊಡಗಿದರು.

"ಹೀಗಾ?"

"ಇನ್ನೊಂಚೂರು ಓರೆ."

ಕೊನೆಯದನ್ನು ಇಟ್ಟ ಮೇಲೂ ಕಂಡಕ್ಟರು ಮೇಲೇಳಲಿಲ್ಲ. ಇದು ಬಾಯಿ ಬಿಡಲಿ, ನೋಡಿಕೊಂಡು ಹೋಗೋಣ ಎಂದರು. ಅದು ಹೆದರಿದೆ, ಹೊತ್ತಾಗುತ್ತದೆ ಎಂದಳು ಮಗಳು. ಆಗಲಿ ಎಂದರು.

ಅವಳ ಕೋಲು ತಿರುವಿನಲ್ಲೇ ಉಳಿದಿತ್ತು. ಹರಿವಿನ ಸೆಳೆತಕ್ಕೆ ಕಾಲು ಜಾರಿದಾಗ ಅವಳು ಅಪ್ಪನ ಹೆಗಲ ಮೇಲೆ ಕೈಯೂರಿ ನಿಂತಳು, ಆಮೇಲೂ ತೆಗೆಯಲಿಲ್ಲ. ಬಕೆಟ್ಟಿನ ಗಾಜಿನಡಿ ಚಿಪ್ಪು ಇನ್ನೂ ಮುಚ್ಚಿಯೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ಕಾದರು.