ಪೇಟಿಗೆ ಹೊಲಿದ ಮುಸುಕು

ಕಲ್ಯಾಣಿ ಊರಿನ ಕೋಟೆಯ ಕೆಳಗೆ ಹೊಲಿಗೆ ಅಂಗಡಿ ಇಟ್ಟಿದ್ದ ತುಳಜಾರಾಮ ಸೀರೆ ಉಟ್ಟು ರಂಗಕ್ಕೆ ಬಂದರೆ ನೋಡುವ ಹೆಂಗಸರೇ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ಹಿಂದಿನ ಮಾತು ಎಂದು ಅವನಿಗೆ ಹೇಳುವ ಗಂಡಸು ಮಾತ್ರ ಊರಲ್ಲಿ ಹುಟ್ಟಿರಲಿಲ್ಲ. ೧೯೪೧ಕ್ಕೆ ಅವನಿಗೆ ನಲವತ್ತನಾಲ್ಕು ತುಂಬಿದ್ದರೂ ನಾಟಕ ಮಂಡಳಿಯಲ್ಲಿ ರಾಣಿಯ ಪಾತ್ರ ಅವನದೇ. ವರ್ಷಾವರ್ಷಾ ರಾಣಿಯ ಕುಪ್ಪಸದ ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಮಾಡುತ್ತ, "ಒಗದು ಒಗದು ಅರಿವಿ ಸಣ್ಣಾಗ್ಯಾದ" ಎನ್ನುತ್ತಿದ್ದ.

"ಹೌದ್ರಿ, ಹೊಟ್ಟಿ ಮಾತ್ರ ಇದ್ದಷ್ಟೇ ಅದ," ಎಂದು ಹೆಂಡತಿ ಕೇಶರಬಾಯಿ ರೊಟ್ಟಿ ಬಡಿಯುತ್ತಿದ್ದಳು.

ಹೊಟ್ಟೆಯ ಮಾತು ಹೋಗಲಿ, ಅವನ ಸೊಕ್ಕೆಲ್ಲ ಇದ್ದದ್ದು ಕಂಠದಲ್ಲಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಅದರ ಬಿಳಿ ಮನೆ, ಕರಿ ಮನೆಗಳಲ್ಲಿ ಕರಿ ನಾಲ್ಕನ್ನು ಪಟ್ಟಿಯಾಗಿ, ಅಂದರೆ ಶ್ರುತಿಯಾಗಿ, ಹಿಡಿದು ಹಾಡುವುದೆಂದರೆ ಹೆಣ್ಣಿನ ಎತ್ತರ, ಗಂಡಸರ ಕೈಗೆಟುಕುವುದಲ್ಲ. ತುಳಜಾರಾಮ ಅಲ್ಲಿಂದಲೇ ಹಾಡುತ್ತಾನೆ ಎಂಬ ಹೆಸರು ಹುಮನಾಬಾದಿನ ತನಕ ಹಬ್ಬಿತ್ತು. ನಾಟಕದಲ್ಲಿ ರಾಜಕುಮಾರ ಯುದ್ಧದಲ್ಲಿ ಸತ್ತಿರುತ್ತಾನೆ. ರಾಣಿಗೆ ಅದು ಗೊತ್ತು. ಹಾಸಿಗೆ ಹಿಡಿದ ರಾಜನಿಗೆ ಮಾತ್ರ ದಿನಾ "ನಾಳೆ ಬರುತ್ತಾನೆ" ಎಂದು ಹಾಡಿ ಮಲಗಿಸುತ್ತಾಳೆ. ಆ ಒಂದು ಹಾಡಿಗಾಗಿ ರಾಜೇಶ್ವರದವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಆ ವರ್ಷ ಹುಮನಾಬಾದಿನವರು ಮಂಡಳಿಯನ್ನು ಕರೆಸಿದರು. ಇಪ್ಪತ್ತು ವರ್ಷದಿಂದ ಪೇಟಿ ನುಡಿಸುತ್ತಿದ್ದ ಅಬ್ದುಲ್ ರಜಾಕ್ ಮಾಸ್ತರರು ಜ್ವರವೆಂದು ಉಳಿದುಬಿಟ್ಟರು. ಅವರ ಬದಲು ಅಲ್ಲಿಯ ವ್ಯಾಪಾರಿ ದಿಗಂಬರ ನುಡಿಸುವುದೆಂದಾಯಿತು. ನಾಟಕದ ಹಿಂದಿನ ದಿನ ಬೆಳಿಗ್ಗೆ ತಾಲೀಮು.

"ಯಾವ ಪಟ್ಟಿ ಹಿಡೀಲಿರಿ?" ಎಂದು ದಿಗಂಬರ ಕೇಳಿದ.

"ಇದೂ ಕೇಳೂ ಮಾತೇನ್ರಿ? ಕರಿ ನಾಲ್ಕು."

ದಿಗಂಬರ ಹಿಡಿದ. "ನಾಳೆ" ಎಂದು ಏರುವಲ್ಲಿ ತುಳಜಾರಾಮನ ಕಂಠ ಹಸಿ ಕಟ್ಟಿಗೆಯ ಹಾಗೆ ಸೀಳಿತು. ಪೇಟಿ ಬೇಸೂರಾಗಿದೆ ಎಂದು ರೇಗಿದ. ದಿಗಂಬರ ಪಾಪ, ಪಕ್ಕದ ಮನೆಯಿಂದ ಇನ್ನೊಂದು ಪೇಟಿ ತಂದ. ಅದರಲ್ಲೂ ಅದೇ ಜಾಗಕ್ಕೆ ಸೀಳಿತು.

"ಎರಡೂ ಪೇಟಿ ಗಲತ್ ಇರಂಗಿಲ್ರಿ," ಎಂದ ದಿಗಂಬರ ತಲೆ ತಗ್ಗಿಸಿ.

ಮಧ್ಯಾಹ್ನದ ಮೋಟಾರು ಹಿಡಿದು ತುಳಜಾರಾಮ ಕಲ್ಯಾಣಿಗೆ ತಿರುಗಿ ಬಂದ. ಮಾಸ್ತರರು ಹೊರಸಿನ ಮೇಲೆ ರಗ್ಗು ಹೊದ್ದು ಕೂತಿದ್ದರು.

"ಮಾಸ್ತರ, ನನ್ನ ಪಟ್ಟಿ ಯಾವುದು?"

ರಜಾಕ್ ಮಾಸ್ತರರು ರಗ್ಗಿನೊಳಗೆ ಕೈ ಎಳೆದುಕೊಂಡರು. "ಕರಿ ಎರಡು. ಐದು ವರ್ಷಕ್ಕ, ಬಿಳಿ ಕರಿ ಕೂಡಿ, ಐದು ಮನಿ ಇಳಿಸೀನಿ. ವರ್ಷಕ್ಕೊಂದು."

"ನನಗ ಒಂದು ಮಾತು ಹೇಳಲಿಲ್ಲ ನೀವು."

"ಮೊದಲನೇ ವರ್ಷ ಹೇಳಾಕಂತ ಪೇಟಿ ಹೊತಗೊಂಡು ನಿನ್ನ ಅಂಗಡಿಗೆ ಬಂದಿದ್ದೆ. ಮನಿ ಮ್ಯಾಲ ಬೆರಳಿಟ್ಟು ತೋರಿಸಿದ್ರ ನೀ ನೋಡಲೇ ಇಲ್ಲ. ಪೇಟಿಗಿ ಧೂಳ ಕುಂತದ ಅಂದಿ. ಮರುದಿನ ಮುಸುಕು ಹೊಲದು ಕೊಟ್ಟಿ. ನಾ ಮುಸುಕು ಕೇಳಿದ್ದೆನೇನು?"

ಮುಸುಕು ಮೂಲೆಯ ಪೇಟಿಯ ಮೇಲೇ ಇತ್ತು. ಕೆಂಪು ಮಖಮಲ್ಲು, ಜರಿ ಅಂಚು. ನುಡಿಸುವಾಗಲೂ ಪೇಟಿಯ ಮೇಲೇ ಇರುವಂಥದ್ದು. ನುಡಿಸುವವರ ಕೈ ಕಾಣದಂತೆ ಎರಡು ಕಡೆ ಇಳಿಬಿದ್ದ ಗೇಣುದ್ದ ಝಾಲರು, ಒಂದು ಜನರ ಕಡೆಗೆ, ಒಂದು ಹಾಡುವವನ ಕಡೆಗೆ. ಧೂಳಿಗಾದರೆ ಒಂದು ಹಳೇ ಪಂಚೆ ಸಾಕಿತ್ತಲ್ಲ. ತನ್ನ ಕಡೆಯ ಝಾಲರನ್ನು ಅವನು ಯಾಕೆ ಅಷ್ಟು ಒತ್ತಾಗಿ ಹೊಲಿದಿದ್ದ? ಮಾಸ್ತರರನ್ನು ಬೈಯಲು ಬಂದವನಿಗೆ ನಾಚಿಕೆಯಾಯಿತು. ಐದು ವರ್ಷ ಆ ಬಟ್ಟೆಯ ಹಿಂದೆ ಸುಖವಾಗಿ ಹಾಡಿದ್ದ, ಸುಖವಿದ್ದದ್ದಂತೂ ಖರೆ.

ಮನೆಯಲ್ಲಿ ಕೇಶರಬಾಯಿಯನ್ನು ಕೇಳಿದ, "ನಿನಗೂ ಗೊತ್ತಿತ್ತೇನು?"

"ಎಲ್ಲರಿಗೂ ಗೊತ್ತಿತ್ರಿ. ನಿಮಗೂ ಗೊತ್ತಿತ್ತು." ನೀರು ಕೊಟ್ಟು ಮೆಲ್ಲಗೆ ಅಂದಳು, "ಆರಾಮಿಲ್ಲಂತ ಹೇಳಿ ಕಳಸ್ರಿ. ಇದ್ದ ಹೆಸರರೆ ಉಳಿತದ."

"ಹೆಸರು ಉಳಿತದ, ಹಾಡು ಹೋಗ್ತದ. ನಾ ಹೋಗಾಂವ."

ಹೋದ. ಮರುದಿನ ಹುಮನಾಬಾದಿನ ರಂಗದ ಮೇಲೆ, ಹಾಡಿನ ಹೊತ್ತಿಗೆ, ಸೀರೆ ಉಟ್ಟವನು ಎಲ್ಲರಿಗೂ ಕೇಳುವಂತೆ ಅಂದ, "ದಿಗಂಬರಪ್ಪ, ಕರಿ ಎರಡು ಹಿಡೀರಿ."

"ಕರಿ ನಾಲ್ಕಂತ ಕೇಳಿದ್ವಿ," ಎಂದು ಯಾರೋ ಕೂಗಿದರು. ಜನ ನಕ್ಕರು.

"ಆಗ ಖರೆ ಇತ್ತು. ಈಗ ಕರಿ ಎರಡು."

ನಗು ಇನ್ನೂ ನಿಂತಿರಲಿಲ್ಲ. ಆದರೂ ಹಾಡಿದ. ಆ ತಗ್ಗಿದ ದನಿಯಲ್ಲಿ "ನಾಳೆ ಬರುತ್ತಾನೆ" ಎಂದಾಗ, ಮಗ ಬರುವುದಿಲ್ಲವೆಂದು ರಾಣಿಗೆ ಗೊತ್ತಿದೆ ಎಂಬುದು ಮೊದಲ ಸಲ ಜನರಿಗೆ ಕೇಳಿಸಿತು. ಕೆಲವರು ಎದ್ದು ಹೋದರು. ಯಾವಾಗಲೂ ಬರುತ್ತಿದ್ದ ಒನ್ಸ್ ಮೋರ್ ಬರಲಿಲ್ಲ. ಮುಂದೆ ಕೂತ ಮುದುಕಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ನಾಟಕ ಮುಗಿದರೂ ತೆಗೆಯಲಿಲ್ಲ.

ಊರಿಗೆ ಬಂದವನೇ ಕತ್ತರಿ ತೆಗೆದುಕೊಂಡು ಮಾಸ್ತರರ ಮನೆಗೆ ಹೋದ. ಮುಸುಕಿಗೆ ಕೈ ಹಾಕಿದರೆ ಮಾಸ್ತರರು ಅದರ ಮೇಲೆ ತಮ್ಮ ಕೈ ಇಟ್ಟರು. ಜರಿಯ ಮೇಲೆ ಅವರ ಬೆರಳು ಗಡಗಡ ನಡುಗುತ್ತಿದ್ದವು.

"ಜ್ವರ ಇಳಿದಿಲ್ಲೇನ್ರಿ?"

"ಜ್ವರ ಬಂದಿದ್ದೇ ಇಲ್ಲೋ. ಎರಡು ವರ್ಷಾತು, ಹಿಂಗೇ ನಡುಗಾಕತ್ತಾವ. ಹುಮನಾಬಾದ್ದಾಗ ಮಂದಿ ಪೇಟಿ ಮಗ್ಗಲಕ್ಕೇ ಕೂಡ್ತಾರ, ಮುಸುಕಿದ್ರೂ ಕಾಣ್ತದ, ಅದಕ್ಕ ಬರಲಿಲ್ಲ. ಈ ಮುಸುಕು ಇರಲಿ ತುಳಜಾರಾಮ."

ಐದು ವರ್ಷ ತಾನು ನೋಡದ ಕೈಗಳು ಅವು. ತುಳಜಾರಾಮ ಮುಸುಕನ್ನು ತಿರುಗಿಸಿ, ಹಾಡುವವನ ಕಡೆಯ ಝಾಲರನ್ನಷ್ಟೇ ಅಂಚಿಗೆ ಸರಿಯಾಗಿ ಕತ್ತರಿಸಿದ.

"ಮಂದಿ ಕಡೀ ಝಾಲರು ನಿಮ್ಮದು ಮಾಸ್ತರ. ತಗೀಬೇಕನಿಸಿದಾಗ ತಗೀರಿ. ನನ್ನ ಕಡೀದು ಬ್ಯಾಡ. ಕರಿ ಎರಡು ಹಿಡೀರಿ, ನಾ ನೋಡ್ತೀನಿ."

ನಡುಗುವ ಬೆರಳು ಒಂದು ಮನೆ ತಪ್ಪಿತು, ಇನ್ನೊಂದು ತಪ್ಪಿತು. ತುಳಜಾರಾಮ ಕಣ್ಣು ಕೀಳದೆ ಕಾದ. ಬೆರಳು ಕರಿ ಎರಡರ ಮೇಲೆ ಕೂತ ಮೇಲೆ ಹಾಡು ಎತ್ತಿಕೊಂಡ.